ನವೋದ್ಯಮಗಳ ಬ್ರ್ಯಾಂಡ್ ನಿರ್ಮಾಣದಲ್ಲಿ ಪ್ರಾಣಿಪಾತ್ರಗಳು

ಅಂಗಡಿಯ ಕಪಾಟಿನಲ್ಲಿ ಕೈಗೆಟುಕುವ ಸರಕಿಗಿಂತ, ತೆರೆಯ ಮೇಲಷ್ಟೇ ದೊರೆಯುವ ಸೇವೆ ಗ್ರಾಹಕರ ನೆನಪಿನಲ್ಲಿ ಉಳಿಯುವುದು ಕಷ್ಟವಾದ್ದರಿಂದ, ಅನೇಕ ತಂತ್ರಜ್ಞಾನ ನವೋದ್ಯಮಗಳು ಮ್ಯಾಸ್ಕಾಟ್ ಅನ್ನು, ಎಂದರೆ ಸಂಸ್ಥೆಯನ್ನು ಪ್ರತಿನಿಧಿಸುವ, ತನ್ನದೇ ಹೆಸರು ಮತ್ತು ಸ್ವಭಾವಗಳುಳ್ಳ ಕಲ್ಪಿತ ಪಾತ್ರವನ್ನು, ಪ್ರಾಣಿರೂಪದಲ್ಲಿ ರೂಪಿಸಿಕೊಂಡಿವೆ. ಇಂಥ ಪಾತ್ರಗಳ ಯಶಸ್ಸಿಗೆ ಮುದ್ದಾದ ರೂಪವೇ ಕಾರಣವೆಂಬ ಅಭಿಪ್ರಾಯ ರೂಢಿಯಲ್ಲಿದ್ದರೂ, ಬಳಕೆದಾರರು ಅಳುಕುವ ಇಲ್ಲವೇ ಎಡವುವ ಗಳಿಗೆಯಲ್ಲಿ ಆ ಪ್ರಾಣಿ ಏನು ಮಾಡುತ್ತದೆ ಎಂಬುದು ರೂಪಕ್ಕಿಂತ ಹೆಚ್ಚು ನಿರ್ಣಾಯಕವಾದುದು.

ಅಮೆರಿಕದ ಅಟ್ಲಾಂಟಾದಲ್ಲಿ 2001ರಲ್ಲಿ ಆರಂಭವಾದ ಮೇಲ್‌ಚಿಂಪ್, ಸಣ್ಣ ವ್ಯಾಪಾರಿಗಳು ತಮ್ಮ ಗ್ರಾಹಕರೆಲ್ಲರಿಗೂ ಒಮ್ಮೆಲೇ ಇಮೇಲ್ ಕಳಿಸಲು ನೆರವಾಗುವ ಸಂಸ್ಥೆಯಾಗಿದ್ದು, ಫ್ರೆಡಿ ಎಂಬ ಚಿಂಪಾಂಜಿ ಅದರ ಮ್ಯಾಸ್ಕಾಟ್ ಆಗಿದೆ. ಸಾವಿರಾರು ಜನರಿಗೆ ಒಮ್ಮೆ ಹೋದ ಪತ್ರವನ್ನು ಹಿಂದಕ್ಕೆ ಪಡೆಯಲಾಗದೆಂಬ ಆತಂಕವನ್ನು ಅರಿತ ವಿನ್ಯಾಸಕಾರರು, ಕೆಂಪು ಗುಂಡಿಯ ಮೇಲೆ ಬೆರಳು ಹಿಡಿದು ಬೆವರುತ್ತಿರುವ ಚಿಂಪಾಂಜಿಯ ಕೈಯನ್ನು ಕಳಿಸುವ ಮುನ್ನ ತೋರಿಸಿ, ಕಳಿಸಿದ ಕೂಡಲೇ ಅಂಗೈ ತಟ್ಟಿ ಸಂಭ್ರಮಿಸಲು ಮುಂದೆ ಚಾಚಿದ ಕೈಯನ್ನು ಮೂಡಿಸಿದರು. ಬಳಕೆದಾರರ ಪುಕ್ಕಲನ್ನು ಅಲ್ಲಗಳೆಯದೆ ಅದರಲ್ಲಿ ತಾನೂ ಪಾಲುಗೊಳ್ಳುವ ಈ ಹಾವಭಾವ ಯಾವ ಜಾಹೀರಾತಿನ ಘೋಷಣೆಗೂ ನಿಲುಕದ್ದು.

ತಂತ್ರಾಂಶ ರಚಿಸುವವರು ತಮ್ಮ ಕೋಡ್ ಇರಿಸಿ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಆಕ್ಟೋಕ್ಯಾಟ್, ಎಂದರೆ ಬೆಕ್ಕಿನ ಮುಖಕ್ಕೆ ಆಕ್ಟೋಪಸ್‌ನ ತೋಳುಗಳನ್ನು ಜೋಡಿಸಿದ ಆಕೃತಿ, ಮೂಲತಃ ವಿನ್ಯಾಸಕಾರ ಸೈಮನ್ ಆಕ್ಸ್‌ಲಿ ರಚಿಸಿ ಐಸ್ಟಾಕ್ ಎಂಬ ಚಿತ್ರಮಾರಾಟ ತಾಣದಲ್ಲಿ ಇರಿಸಿದ್ದ ಚಿತ್ರ. ಅಲ್ಲಿ ಕೊಂಡ ಚಿತ್ರಗಳನ್ನು ಲಾಂಛನವಾಗಿ ಬಳಸಲು ಪರವಾನಗಿ ಅವಕಾಶ ಕೊಡುತ್ತಿರಲಿಲ್ಲವಾದ್ದರಿಂದ ಗಿಟ್‌ಹಬ್ ಅದನ್ನು ಮೊದಲು ದೋಷಸೂಚನೆಯ ಪುಟದಲ್ಲಿ, ಎಂದರೆ ಬಳಕೆದಾರರು ಎಡವುವ ಗಳಿಗೆಯಲ್ಲೇ, ಬಳಸಿ, ಮುಂದೆ ಅದರ ಹಕ್ಕುಗಳನ್ನೇ ಪಡೆದುಕೊಂಡಿತು.

ಪಿಟ್ಸ್‌ಬರ್ಗ್‌ನ ಭಾಷಾಕಲಿಕೆಯ ಸಂಸ್ಥೆ ಡುವೋಲಿಂಗೋದ ಹಸಿರು ಗೂಬೆ ಡುವೋ ಮಾತ್ರ ಬೇರೆ ಹಾದಿಯದು. ಪಾಠ ತಪ್ಪಿಸಿದವರಿಗೆ ಮತ್ತೆ ಮತ್ತೆ ನೆನಪೋಲೆ ಕಳಿಸಿ ಕಾಡುವ ಪಾತ್ರವಾಗಿ ಅದು ಜನರ ಹಾಸ್ಯಕ್ಕೆ ವಸ್ತುವಾಯಿತು; ಸಂಸ್ಥೆ ಆ ಹಾಸ್ಯವನ್ನೇ ತನ್ನದಾಗಿಸಿಕೊಂಡು 2025ರ ಫೆಬ್ರುವರಿಯಲ್ಲಿ ಡುವೋ ಸತ್ತಿದೆಯೆಂಬ ಪ್ರಚಾರವನ್ನೂ ನಡೆಸಿತು. ಫ್ರೆಡಿ ಅಳುಕನ್ನು ಹಂಚಿಕೊಂಡರೆ, ಡುವೋ ಅಳುಕನ್ನು ಹುಟ್ಟಿಸುತ್ತದೆ. ಇದರಿಂದ ಬ್ರ್ಯಾಂಡ್ ಮನೆಮಾತಾಗಬಹುದು, ದಿನನಿತ್ಯದ ಬಳಕೆಯೂ ಏರಬಹುದು. ಆದರೆ ಬಳಕೆ ಏರಿದ್ದನ್ನೇ ಭಾಷೆ ಕಲಿತದ್ದಕ್ಕೆ ಪುರಾವೆಯಾಗಿ ಎಣಿಸಲಾಗದು, ಮುಂದಿನ ಅಧ್ಯಯನಗಳು ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.