ಗಾಳಿಗೂ ಕಣ್ಣಿಗೂ ನಡುವೆ: ಆಕಾಶದಿಂದ ಜಿಗಿದವರ ಕನ್ನಡಕದ ಚರಿತ್ರೆ

ಬೇಸಿಗೆಯ ರಜೆಯಲ್ಲಿ ಊರಿನಿಂದ ಬಂದ ಬಂಧುಗಳನ್ನು ಟೌಪೊ ಸರೋವರಕ್ಕೋ ಕ್ವೀನ್ಸ್‌ಟೌನಿಗೋ ಕರೆದೊಯ್ಯುವುದು ಇಲ್ಲಿನ ನಮ್ಮ ಕುಟುಂಬಗಳಲ್ಲಿ ಈಗ ವಾಡಿಕೆಯಾಗಿದೆ. ಮಕ್ಕಳು ವಿಮಾನದಿಂದ ಧುಮುಕಲು ಹೆಸರು ಕೊಡುತ್ತಾರೆ. ಹಿರಿಯರು ಮೈದಾನದ ಅಂಚಿನಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು ಆಕಾಶವನ್ನು ನೋಡುತ್ತಾರೆ. ಈ ಸಂದರ್ಭದಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ಕನ್ನಡಕ ಹಾಕಿಕೊಂಡು ಜಿಗಿಯಬಹುದೆ? ಕಾಂಟ್ಯಾಕ್ಟ್ ಲೆನ್ಸ್ ಆದರೆ ಗಾಳಿಗೆ ಹಾರಿಹೋಗುವುದಿಲ್ಲವೆ?”

ಪ್ರಶ್ನೆ ಸಣ್ಣದು. ಉತ್ತರವೂ ಸಣ್ಣದೇ: ಎರಡನ್ನೂ ಧರಿಸಬಹುದು, ಆದರೆ ಅವುಗಳ ಮೇಲೆ ಗಾಗಲ್ಸ್ ಇರಲೇಬೇಕು. ಈ ಒಂದು ವಾಕ್ಯವು ರೂಪುಗೊಳ್ಳಲು ಮಾತ್ರ ನೂರು ವರ್ಷಗಳು ಹಿಡಿದವು. ಅದಕ್ಕಾಗಿ ಕೆಲವರು ತಮ್ಮ ಕಣ್ಣನ್ನೇ ಬೆಲೆಯಾಗಿ ತೆತ್ತರು. ಆ ಚರಿತ್ರೆಯ ಮೂರು ಎಳೆಗಳು ನಮ್ಮ ದಕ್ಷಿಣ ದ್ವೀಪದ ಡನೀಡಿನ್ ನಗರವನ್ನು ಮುಟ್ಟಿ ಹೋಗುತ್ತವೆ ಎಂಬುದು ಈ ದೇಶದಲ್ಲಿ ನೆಲೆಸಿರುವ ನಮಗೆ ವಿಶೇಷ ಕುತೂಹಲದ ಸಂಗತಿ.

ಬಲೂನಿನ ದಿನಗಳು

ನ್ಯೂಜಿಲೆಂಡಿನ ಜನ ಪ್ಯಾರಾಚೂಟನ್ನು ಕಂಡದ್ದು ವಿಮಾನಕ್ಕಿಂತ ಮುಂಚೆ. 1889ರಲ್ಲಿ ಅಮೆರಿಕದ ಥಾಮಸ್ ಬಾಲ್ಡ್ವಿನ್ ಡನೀಡಿನ್ನಿನಲ್ಲಿ ಬಲೂನನ್ನೇರಿ, ನೆರೆದ ಸಾವಿರಾರು ಜನರ ಎದುರಿಗೆ ಪ್ಯಾರಾಚೂಟಿನಲ್ಲಿ ಇಳಿದರು. ಹತ್ತು ವರ್ಷಗಳ ಬಳಿಕ, 1899ರ ನವೆಂಬರಿನಲ್ಲಿ, ‘ಕ್ಯಾಪ್ಟನ್ ಲೊರೇನ್’ ಎಂಬ ಹೆಸರಿನಿಂದ ಪ್ರದರ್ಶನ ನೀಡುತ್ತಿದ್ದ ನ್ಯೂಜಿಲೆಂಡಿನ ಯುವಕನ ಬಲೂನು ಕ್ರೈಸ್ಟ್‌ಚರ್ಚಿನ ಲ್ಯಾಂಕಾಸ್ಟರ್ ಪಾರ್ಕಿನಿಂದ ಮೇಲೇರಿ ಕಡಲಿನತ್ತ ತೇಲಿಹೋಯಿತು. ಆತ ನೀರಿಗೆ ಬಿದ್ದು ಮುಳುಗಿಹೋದ. ಈ ದೇಶದ ವಾಯುಯಾನದ ಚರಿತ್ರೆಯಲ್ಲಿ ಅದೇ ಮೊದಲ ಸಾವು.

ಈ ಸಾಹಸಿಗಳಿಗೆ ಕಡಲಿನ, ಬೆಂಕಿಯ, ಹಗ್ಗದ ಭಯವಿತ್ತು; ಕಣ್ಣಿನ ಚಿಂತೆ ಇರಲಿಲ್ಲ. ಬಲೂನಿಗೆ ತೂಗಿಬಿದ್ದಿದ್ದ ಪ್ಯಾರಾಚೂಟು ಕಳಚಿಕೊಂಡ ಕೆಲವೇ ಕ್ಷಣಗಳಲ್ಲಿ ಅರಳುತ್ತಿತ್ತು. ಆಮೇಲಿನ ಇಳಿತ ನಿಧಾನವಾದದ್ದು. ಮುಖಕ್ಕೆ ಬಡಿಯುವ ಗಾಳಿ ಸೈಕಲ್ ಸವಾರನಿಗೆ ತಾಗುವ ಗಾಳಿಗಿಂತ ಬಹಳ ಹೆಚ್ಚಿನದಾಗಿರಲಿಲ್ಲ. ಕನ್ನಡಕಧಾರಿಯೊಬ್ಬ ಅಂದು ಜಿಗಿದಿದ್ದರೂ ಆತನ ಕಷ್ಟ ಕನ್ನಡಕ ಜಾರುವುದಷ್ಟೇ.

ಚಿತ್ರ ಬದಲಾದದ್ದು ವಿಮಾನದಿಂದ. ಆರಂಭದ ವಿಮಾನಗಳಲ್ಲಿ ಚಾಲಕನ ತಲೆಯ ಮೇಲೆ ಮುಚ್ಚಳವಿರಲಿಲ್ಲ. ಗಾಳಿ, ಧೂಳು ಮತ್ತು ಎಂಜಿನ್ನು ಉಗುಳುವ ಎಣ್ಣೆಯ ಹನಿಗಳು ನೇರ ಮುಖಕ್ಕೆ ರಾಚುತ್ತಿದ್ದವು. ಹೀಗೆ ಚರ್ಮದ ಟೋಪಿಯ ಜೊತೆಗೆ ಗಾಗಲ್ಸ್ ವಿಮಾನ ಚಾಲಕನ ಗುರುತೇ ಆಗಿಬಿಟ್ಟಿತು. ಬಳಿಕ 1919ರ ಏಪ್ರಿಲ್ 28ರಂದು ಅಮೆರಿಕದ ಡೇಟನ್ ಬಳಿಯ ಮೆಕುಕ್ ಫೀಲ್ಡಿನಲ್ಲಿ ಲೆಸ್ಲಿ ಅರ್ವಿನ್ ವಿಮಾನದಿಂದ ಜಿಗಿದು, ಸ್ವಲ್ಪ ದೂರ ಸುಮ್ಮನೆ ಬಿದ್ದು, ಅನಂತರ ತಮ್ಮ ಕೈಯಿಂದಲೇ ಹಗ್ಗವೆಳೆದು ಪ್ಯಾರಾಚೂಟು ಬಿಚ್ಚಿದರು. ಹಾಗೆ ಬೀಳುವ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ ಎಂದು ಅದುವರೆಗೆ ಅನೇಕರು ನಂಬಿದ್ದರು. ಅರ್ವಿನ್ನರ ಪ್ರಜ್ಞೆ ತಪ್ಪಲಿಲ್ಲ. ಮುಕ್ತಪತನದ ಯುಗ ಅಂದು ಮೊದಲಾಯಿತು. ಅದರೊಂದಿಗೆ ಕಣ್ಣಿನ ಪ್ರಶ್ನೆಯೂ ಹುಟ್ಟಿತು.

ನೆಲಕ್ಕೆ ಹೊಟ್ಟೆ ಮಾಡಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 200 ಕಿಲೋಮೀಟರಿನಲ್ಲಿ ಸ್ಥಿರಗೊಳ್ಳುತ್ತದೆ. ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲೆ ಕಣ್ಣೀರಿನ ಅತಿ ತೆಳುವಾದ ಪದರವೊಂದು ಸದಾ ಹರಡಿರುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಆ ಪದರದ ಮೂಲಕವೇ ಪಡೆಯುತ್ತದೆ. ಅಂಥ ಬಿರುಗಾಳಿಯಲ್ಲಿ ಆ ಪದರ ಹರಿದು ಒಣಗುತ್ತದೆ, ಕಣ್ಣು ಉರಿದು ನೀರು ಸುರಿಸುತ್ತದೆ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಎತ್ತರವನ್ನು ನೋಡಿ ಪ್ಯಾರಾಚೂಟು ಬಿಚ್ಚಬೇಕಾದವನಿಗೆ ಮುಚ್ಚಿದ ಕಣ್ಣು ಪ್ರಾಣಕ್ಕೇ ಸಂಚಕಾರ.

ಗಾಜಿನ ಚಿಪ್ಪು

ಇದೇ ಕಾಲದಲ್ಲಿ, ಆಕಾಶದ ಗೊಡವೆಯೇ ಇಲ್ಲದ ಇನ್ನೊಂದು ಪ್ರಯತ್ನ ಯುರೋಪಿನ ವೈದ್ಯರ ಕೋಣೆಗಳಲ್ಲಿ ನಡೆದಿತ್ತು. ಬಾಲ್ಡ್ವಿನ್ ಡನೀಡಿನ್ನಿನಲ್ಲಿ ಜಿಗಿದ ವರ್ಷಕ್ಕೆ ಸ್ವಲ್ಪ ಮುಂಚೆ, ಜ್ಯೂರಿಕ್‌ನಲ್ಲಿದ್ದ ಅಡಾಲ್ಫ್ ಫಿಕ್ ಎಂಬ ನೇತ್ರವೈದ್ಯರು ಗಾಜಿನ ಚಿಪ್ಪುಗಳನ್ನು ಮೊದಲು ಮೊಲಗಳ ಮೇಲೆ, ಅನಂತರ ತಮ್ಮ ಮೇಲೆ ಪ್ರಯೋಗಿಸಿ ನೋಡಿದರು. ಪ್ಯಾರಿಸಿನ ಯೂಜೀನ್ ಕಾಲ್ಟ್ ಕಾರ್ನಿಯಾ ಶಂಕುವಿನಂತೆ ಮುಂಚಾಚುವ ರೋಗಕ್ಕೆ ಅಂಥದೇ ಚಿಪ್ಪನ್ನು ಬಳಸಿದರು. 1889ರಲ್ಲೇ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಗಸ್ಟ್ ಮ್ಯುಲರ್ ತಮ್ಮ ತೀವ್ರವಾದ ಸಮೀಪದೃಷ್ಟಿಗಾಗಿ ತಾವೇ ಲೆನ್ಸ್ ಮಾಡಿಸಿಕೊಂಡು ಆ ಕುರಿತು ಪ್ರಬಂಧ ಬರೆದರು. ಅವರು ಅದನ್ನು ಸಹಿಸಲಾದದ್ದು ಅರ್ಧ ಗಂಟೆ ಮಾತ್ರ.

ಇಡೀ ಕಣ್ಣುಗುಡ್ಡೆಯನ್ನು ಆವರಿಸುವ ಗಾಜಿಗೆ ಎರಡು ದೋಷಗಳಿದ್ದವು. ಅದರ ಮೂಲಕ ಆಮ್ಲಜನಕ ಹಾಯುತ್ತಿರಲಿಲ್ಲ. ಒಡೆದರೆ ಚೂರು ಕಣ್ಣಿನೊಳಗೇ ಉಳಿಯುತ್ತಿತ್ತು. ಕಣ್ಣು ಸಹಿಸಿಕೊಳ್ಳುವ, ಗಾಜಿನಷ್ಟೇ ತಿಳಿಯಾದ ವಸ್ತು ಬೇಕಿತ್ತು. ಅದು ಸಿಕ್ಕಿದ್ದು ಯುದ್ಧದ ಆಕಾಶದಲ್ಲಿ.

1940ರ ಬೇಸಿಗೆ

ಬ್ರಿಟನ್ನಿನ ಮೇಲೆ ವಾಯುಯುದ್ಧ ನಡೆಯುತ್ತಿದ್ದ 1940ರ ಆಗಸ್ಟ್ ತಿಂಗಳು. ಹರಿಕೇನ್ ವಿಮಾನ ನಡೆಸುತ್ತಿದ್ದ ಗಾರ್ಡನ್ ಕ್ಲೀವರ್ ಅಂದು ಅವಸರದಲ್ಲಿ ಗಾಗಲ್ಸ್ ಧರಿಸದೆಯೇ ಹೊರಟಿದ್ದರೆಂದು ಹೇಳಲಾಗುತ್ತದೆ. ಗುಂಡು ತಗುಲಿ, ಚಾಲಕನ ಮೇಲಿನ ಪರ್ಸ್‌ಪೆಕ್ಸ್ ಪ್ಲಾಸ್ಟಿಕ್ಕಿನ ಮುಚ್ಚಳ ಪುಡಿಯಾಯಿತು. ಚೂರುಗಳು ಎರಡೂ ಕಣ್ಣುಗಳನ್ನು ಹೊಕ್ಕವು. ಕಣ್ಣು ಕಾಣದ ಸ್ಥಿತಿಯಲ್ಲೇ ಅವರು ವಿಮಾನದಿಂದ ಹೊರಬಿದ್ದು ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಒಂದು ಕಣ್ಣು ಹೋಯಿತು. ಇನ್ನೊಂದು ಅಷ್ಟಿಷ್ಟು ಉಳಿಯಿತು.

ಮರುತಿಂಗಳು, ಸೆಪ್ಟೆಂಬರ್ 3ರಂದು, ರಿಚರ್ಡ್ ಹಿಲರಿ ಎಂಬ ಇನ್ನೊಬ್ಬ ತರುಣ ಚಾಲಕರ ವಿಮಾನಕ್ಕೆ ಬೆಂಕಿ ಹತ್ತಿತು. ಅವರ ಕೈಗವಸುಗಳೂ ಇರಲಿಲ್ಲ, ಗಾಗಲ್ಸ್ ಕಣ್ಣಿನ ಮೇಲೂ ಇರಲಿಲ್ಲ. ಸುಟ್ಟ ಮುಖದೊಡನೆ ಪ್ಯಾರಾಚೂಟಿನಲ್ಲಿ ಕಡಲಿಗೆ ಬಿದ್ದ ಅವರನ್ನು ಜೀವರಕ್ಷಕ ದೋಣಿ ಎತ್ತಿಕೊಂಡಿತು. ಸುಟ್ಟುಹೋಗಿದ್ದ ಅವರ ರೆಪ್ಪೆಗಳ ಜಾಗದಲ್ಲಿ ಹೊಸ ರೆಪ್ಪೆಗಳನ್ನು ರೂಪಿಸಿಕೊಟ್ಟವರು ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೋ. ಅವರು ಹುಟ್ಟಿದ್ದು 1900ರಲ್ಲಿ, ಡನೀಡಿನ್ನಿನಲ್ಲಿ. ಓದಿದ್ದು ಒಟಾಗೊ ವಿಶ್ವವಿದ್ಯಾಲಯದಲ್ಲಿ. ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಅವರು ನೂರಾರು ಸುಟ್ಟ ಮುಖಗಳಿಗೆ ಮರುರೂಪ ಕೊಟ್ಟರು. ಅವರ ರೋಗಿಗಳು 1941ರಲ್ಲಿ ‘ಗಿನಿ ಪಿಗ್ ಕ್ಲಬ್’ ಎಂಬ ಸಂಘ ಕಟ್ಟಿಕೊಂಡು ನಗುನಗುತ್ತ ಬಾಳಿದರು. ರೆಪ್ಪೆಯಿಲ್ಲದ ಕಣ್ಣು ಎಷ್ಟು ಬೇಗ ಒಣಗಿ ಹಾಳಾಗುತ್ತದೆ ಎಂಬುದನ್ನು ಆ ವಾರ್ಡುಗಳು ವೈದ್ಯಲೋಕಕ್ಕೆ ಮನದಟ್ಟು ಮಾಡಿದವು.

ಕ್ಲೀವರರ ಕಣ್ಣು ಬೇರೊಂದು ಪಾಠ ಹೇಳಿತು. ಅವರನ್ನೂ ಅವರಂಥ ಇತರ ಚಾಲಕರನ್ನೂ ಪರೀಕ್ಷಿಸುತ್ತಿದ್ದ ಹೆರಾಲ್ಡ್ ರಿಡ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಕಣ್ಣಿನೊಳಗೆ ಉಳಿದ ಪರ್ಸ್‌ಪೆಕ್ಸ್ ಚೂರುಗಳ ಸುತ್ತ ಕೀವಿಲ್ಲ, ಉರಿಯೂತವಿಲ್ಲ. ಕಣ್ಣು ಅವನ್ನು ಸುಮ್ಮನೆ ಇರಗೊಟ್ಟಿತ್ತು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಲೆನ್ಸನ್ನು, ಪೊರೆ ತೆಗೆದ ಕಣ್ಣಿನೊಳಗೆ ಮೊದಲ ಬಾರಿಗೆ ಕೂರಿಸಿದರು. ದಶಕಗಳು ಕಳೆದ ಮೇಲೆ ಕ್ಲೀವರರ ಉಳಿದ ಕಣ್ಣಿಗೂ ಪೊರೆ ಬಂದಾಗ, ಅವರ ಗಾಯದಿಂದಲೇ ಹುಟ್ಟಿದ ಆ ವಿದ್ಯೆ ಅವರಿಗೆ ದೃಷ್ಟಿ ಮರಳಿಸಿತು.

ನಮ್ಮ ಮನೆಯ ಕಣ್ಣುಗಳು

ಈ ಕಥೆ ಕನ್ನಡನಾಡಿಗೂ ನೇರವಾಗಿ ಬರುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗಳಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದ ಕಾಲದಲ್ಲಿ, ಒಳಗೆ ಕೂರಿಸುವ ಲೆನ್ಸ್ ಬಡವರಿಗೆ ಎಟುಕುವ ವಸ್ತುವಾಗಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ಅಜ್ಜ ಅಜ್ಜಿಯರು ಸೋಡಾಬುಡ್ಡಿ ಕನ್ನಡಕದಲ್ಲೇ ಉಳಿದ ಬದುಕನ್ನು ನೋಡಿದರು. 1929ರಲ್ಲಿ ಡನೀಡಿನ್ನಿನಲ್ಲೇ ಹುಟ್ಟಿದ ನೇತ್ರವೈದ್ಯ ಫ್ರೆಡ್ ಹಾಲೋಸ್, ಆ ಲೆನ್ಸನ್ನು ಬಡ ದೇಶಗಳಲ್ಲೇ ಅಗ್ಗವಾಗಿ ತಯಾರಿಸಬೇಕೆಂದು ಹಟ ಹಿಡಿದರು. 1993ರಲ್ಲಿ ಅವರು ತೀರಿಕೊಂಡ ನಂತರ ನೇಪಾಳ ಮತ್ತು ಎರಿಟ್ರಿಯಾಗಳಲ್ಲಿ ಅಂಥ ಕಾರ್ಖಾನೆಗಳು ತೆರೆದವು. ಮದುರೆಯ ಅರೋಲ್ಯಾಬ್ 1992ರಿಂದಲೇ ಭಾರತದಲ್ಲಿ ಈ ಕೆಲಸ ಆರಂಭಿಸಿತ್ತು. ಇಂದು ಮಗಳ ಮನೆಗೆ ಆಕ್ಲೆಂಡಿಗೆ ಬಂದಿಳಿಯುವ ತಂದೆ ಸೋಡಾಬುಡ್ಡಿಯಿಲ್ಲದೆ ಬರುತ್ತಾರೆ. ಅದರ ಹಿಂದೆ ಗಾಗಲ್ಸ್ ಮರೆತ ಒಬ್ಬ ಚಾಲಕನ ಕಣ್ಣಿದೆ.

ಕಣ್ಣಿನ ಹೊರಗೆ ಧರಿಸುವ ಲೆನ್ಸ್ ಕೂಡ ಅದೇ ಪ್ಲಾಸ್ಟಿಕ್ಕಿನ ಹಾದಿ ಹಿಡಿಯಿತು. 1948ರಲ್ಲಿ ಕ್ಯಾಲಿಫೋರ್ನಿಯಾದ ಕೆವಿನ್ ಟೂಹಿ ಕಾರ್ನಿಯಾವನ್ನಷ್ಟೇ ಮುಚ್ಚುವ ಪುಟ್ಟ ಲೆನ್ಸ್ ರೂಪಿಸಿದರು. 1961ರ ಕ್ರಿಸ್ಮಸ್ ರಜೆಯಲ್ಲಿ ಚೆಕೊಸ್ಲೊವಾಕಿಯಾದ ಓಟೊ ವಿಖ್ಟರ್ಲೆ, ಮಕ್ಕಳ ಆಟದ ಲೋಹದ ತುಂಡುಗಳನ್ನೂ ಸೈಕಲ್ಲಿನ ಡೈನಮೊವನ್ನೂ ಜೋಡಿಸಿ, ಅಡುಗೆಮನೆಯ ಮೇಜಿನ ಮೇಲೆ ನೀರು ಹೀರುವ ಮೃದು ಲೆನ್ಸನ್ನು ತಯಾರಿಸಿದರು. 1971ರಲ್ಲಿ ಅಮೆರಿಕದ ಸರ್ಕಾರ ಮೃದು ಲೆನ್ಸಿನ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು.

ಎರಡು ಎಳೆಗಳು ಸೇರಿದಾಗ

ಅಷ್ಟರಲ್ಲಿ ಮುಕ್ತಪತನವೂ ಸೈನಿಕರ ಕೈಯಿಂದ ಸಾಮಾನ್ಯರ ಕೈಗೆ ಬಂದಿತ್ತು. 1980ರ ದಶಕದಲ್ಲಿ ಬೋಧಕನ ಎದೆಗೆ ಹೊಸಬನನ್ನು ಬಿಗಿದು ಇಬ್ಬರೂ ಒಂದೇ ಪ್ಯಾರಾಚೂಟಿನಲ್ಲಿ ಇಳಿಯುವ ಟ್ಯಾಂಡೆಮ್ ಪದ್ಧತಿ ಅಮೆರಿಕದಲ್ಲಿ ರೂಪುಗೊಂಡಿತು. 1990ರಲ್ಲಿ ಕ್ವೀನ್ಸ್‌ಟೌನಿನಲ್ಲಿ ಅದು ಪ್ರವಾಸಿಗರ ಉದ್ಯಮವಾಯಿತು. ತರಬೇತಿಯಿಲ್ಲದ ಸಾಮಾನ್ಯ ಜನ ಜಿಗಿಯತೊಡಗಿದ ಮೇಲೆ, ಕನ್ನಡಕ ಧರಿಸಿದವರೂ ಲೆನ್ಸ್ ಧರಿಸಿದವರೂ ಅವರಲ್ಲಿ ಇರುವುದು ಸಹಜವೇ. ಕನ್ನಡಕದ ಮೇಲೆಯೇ ಕೂರುವ ಅಗಲವಾದ ಗಾಗಲ್ಸ್ ಬಳಕೆಗೆ ಬಂದದ್ದು ಈ ಅಗತ್ಯದಿಂದ. ಇವುಗಳ ಮುಖ್ಯ ವಸ್ತು ಪಾಲಿಕಾರ್ಬೊನೇಟ್. 1953ರಲ್ಲಿ ಕಂಡುಹಿಡಿದ ಈ ಪ್ಲಾಸ್ಟಿಕ್ ಪೆಟ್ಟಿಗೆ ಚೂರಾಗುವುದಿಲ್ಲ, ನೇರಳಾತೀತ ಕಿರಣಗಳನ್ನೂ ತಡೆಯುತ್ತದೆ. ನ್ಯೂಜಿಲೆಂಡಿನ ಬೇಸಿಗೆಯ ಬಿಸಿಲಿನಲ್ಲಿ ಆ ಕಿರಣಗಳು ಉತ್ತರಾರ್ಧಗೋಳದ ಇದೇ ಅಕ್ಷಾಂಶಗಳಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು.

ಚರಿತ್ರೆ ಕಲಿಸಿದ್ದನ್ನು ಹೀಗೆ ಸಂಗ್ರಹಿಸಬಹುದು. ಲೆನ್ಸ್ ನೋಟವನ್ನು ಕೊಡುತ್ತದೆ, ಗಾಗಲ್ಸ್ ಕಾವಲು ಕೊಡುತ್ತದೆ; ಒಂದರ ಕೆಲಸವನ್ನು ಇನ್ನೊಂದು ಮಾಡದು. ಗಾಗಲ್ಸ್ ಬಿಗಿಯಾಗಿ ಕೂತಿದ್ದರೆ ಮೃದು ಲೆನ್ಸ್ ಸಾಮಾನ್ಯವಾಗಿ ಅಲುಗುವುದಿಲ್ಲ. ಗಾಳಿ ಕೆಳಗಿನಿಂದ ನುಸುಳಿದರೆ ಮಾತ್ರ ಅದು ಒಣಗಿ ಮಡಚಿಕೊಂಡು ಹೊರಬೀಳಬಹುದು. ಗಟ್ಟಿ ಲೆನ್ಸ್ ಚಿಕ್ಕದು. ಅದರಡಿ ಧೂಳಿನ ಕಣ ಸೇರಿದರೆ ಕಾರ್ನಿಯಾ ಗೀರಾಗುತ್ತದೆ. ಕಾಲ್ಟ್ ಚಿಕಿತ್ಸೆ ನೀಡಿದ ಆ ಶಂಕುರೋಗ ಮಾವೊರಿ ಮತ್ತು ಪೆಸಿಫಿಕ್ ದ್ವೀಪಗಳ ಯುವಜನರಲ್ಲಿ ಹೆಚ್ಚು. ದಕ್ಷಿಣ ಏಷ್ಯಾ ಮೂಲದವರಲ್ಲೂ ಹೆಚ್ಚೆಂದು ಇಂಗ್ಲೆಂಡಿನ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಗಟ್ಟಿ ಲೆನ್ಸನ್ನೇ ನಂಬಿರುವ ನಮ್ಮ ಮಕ್ಕಳು ಜಿಗಿಯುವ ಮುನ್ನ ತಮ್ಮ ಕಣ್ಣಿನ ವೈದ್ಯರನ್ನು ಕೇಳುವುದು ಒಳಿತು. ಪೊರೆ, ಲೇಸರ್ ಅಥವಾ ಅಕ್ಷಿಪಟಲದ ಚಿಕಿತ್ಸೆಯಾದವರಿಗೂ ಇದೇ ಮಾತು.

4,500 ಮೀಟರ್ ಎತ್ತರದಲ್ಲಿ ಗಾಳಿ ನೆಲಕ್ಕಿಂತ ಸುಮಾರು 29 ಡಿಗ್ರಿ ತಣ್ಣಗಿರುತ್ತದೆ. ಉಸಿರಿನ ತೇವಕ್ಕೆ ಗಾಗಲ್ಸ್ ಮಂಜುಗಟ್ಟುವುದು ಅದರಿಂದಲೇ. ಸಣ್ಣ ಗಾಳಿಕಂಡಿಗಳಿರುವುದನ್ನು ಆಯ್ದುಕೊಳ್ಳಬೇಕು. ತಾವೇ ಎತ್ತರಮಾಪಕ ನೋಡಬೇಕಾದ ಕಲಿಕೆಯವರು ಪೋಲರಾಯ್ಡ್ ಗಾಜನ್ನು ಬಿಡುವುದು ಲೇಸು. ಅದು ಡಿಜಿಟಲ್ ಅಂಕಿಗಳನ್ನು ಕಪ್ಪಾಗಿಸಬಲ್ಲದು. ಲೆನ್ಸ್ ಜಾರಿದರೆ ಅದನ್ನು ನಲ್ಲಿ ನೀರಿನಲ್ಲಾಗಲಿ ಸರೋವರದ ನೀರಿನಲ್ಲಾಗಲಿ ತೊಳೆದು ಮತ್ತೆ ಹಾಕಿಕೊಳ್ಳಬಾರದು. ಜೇಬಿನಲ್ಲಿ ಅಲ್ಲ, ನೆಲದಲ್ಲಿ ನಿಂತವರ ಕೈಯಲ್ಲಿ ಒಂದು ಜೊತೆ ಕನ್ನಡಕವಿರಲಿ.

ಬೋಧಕರು ಜಿಗಿಯುವ ಮುನ್ನ ಗಾಗಲ್ಸಿನ ಪಟ್ಟಿಯನ್ನು ಇನ್ನೊಮ್ಮೆ ಎಳೆದು ಬಿಗಿಯುತ್ತಾರೆ. ಅದು ಕೆಲವರಿಗೆ ಅತಿಯಾದ ಶಿಸ್ತಾಗಿ ತೋರುತ್ತದೆ. ಒಂದು ನಿಮಿಷದ ಬೀಳುವಿಕೆಗೆ ಇಷ್ಟೊಂದು ಏಕೆ ಎಂದು ಕೇಳುವವರಿಗೆ ಕ್ಲೀವರರ ಮತ್ತು ಹಿಲರಿಯವರ ಕಥೆ ಹೇಳಿದರೆ ಸಾಕು. ಅವರಿಬ್ಬರಿಗೂ ಗಾಗಲ್ಸ್ ಇತ್ತು. ಬೇಕಾದ ಹೊತ್ತಿನಲ್ಲಿ ಅದು ಕಣ್ಣಿನ ಮೇಲೆ ಇರಲಿಲ್ಲ.