ಎರಡನೆಯ ರಿಮೋಟ್

2023ರ ನವರಾತ್ರಿ ಮುಗಿದ ಮರುದಿನ ಕಚೇರಿಯಿಂದ ಬಂದು ನೋಡುತ್ತೇನೆ, ಮೇಜಿನ ಮೇಲೆ ಒಂದು ಅರ್ಜಿ. ಒಂಬತ್ತನೆಯ ತರಗತಿಯ ಮಗಳು ಬರೆದದ್ದು. ಕೆಳಗೆ ನಾಲ್ಕನೆಯ ತರಗತಿಯ ಮಗನ ಸಹಿಯೂ ಇತ್ತು. ದೀಪಾವಳಿಯ ಬೋನಸ್ಸಿನಲ್ಲಿ ಮನೆಗೊಂದು ವಿಡಿಯೋ ಗೇಮ್ ಕನ್ಸೋಲ್ ತರಬೇಕೆಂಬುದು ಅರ್ಜಿಯ ಸಾರ. ಮೂರು ಯಂತ್ರಗಳ ಹೆಸರು, ಬೆಲೆ, ಗುಣದೋಷಗಳನ್ನು ಗೆರೆ ಹಾಕಿದ ಪಟ್ಟಿಯಲ್ಲಿ ತುಂಬಿಸಲಾಗಿತ್ತು. ಇಪ್ಪತ್ತು ವರ್ಷ ಕಡತಗಳ ನಡುವೆ ಕುಳಿತವನಿಗೆ ಆ ಪಟ್ಟಿಯನ್ನು ಕಂಡು ಹೆಮ್ಮೆಯೇ ಆಯಿತು. ಆದರೆ ಕೇಂದ್ರ ಸರಕಾರದ ಸಾಮಾನ್ಯ ನೌಕರನಿಗೆ ಸಿಗುವ ಬೋನಸ್ ಒಟ್ಟು 6,908 ರೂಪಾಯಿ ಎಂಬ ಸತ್ಯ ಅರ್ಜಿದಾರರಿಗೆ ತಿಳಿದಿರಲಿಲ್ಲ.

ಕಡತವನ್ನು ಎರಡು ವಾರ ತಡೆಹಿಡಿದೆ. ಯಾವುದನ್ನು ಕೊಳ್ಳಬೇಕೆಂದು ತಿಳಿಯಲು ಹೊರಟವನು ಆ ಎರಡು ವಾರದಲ್ಲಿ ಈ ಯಂತ್ರ ನಮ್ಮ ಮನೆಗಳಿಗೆ ಹೇಗೆ ಬಂತು ಎಂಬುದನ್ನೇ ಹೆಚ್ಚು ಓದಿದೆ. ಓದಿದಷ್ಟೂ ಮಕ್ಕಳ ಪಟ್ಟಿಯಲ್ಲಿ ಒಂದು ಕಲಮು ಬಿಟ್ಟುಹೋಗಿದೆ ಎನ್ನಿಸತೊಡಗಿತು.

ಮುಂಬಯಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ಟಿವಿಗೆ ಜೋಡಿಸಿ ಮನೆಯಲ್ಲೇ ಆಡಬಹುದಾದ ಮೊದಲ ಯಂತ್ರ, ಮ್ಯಾಗ್ನವಾಕ್ಸ್ ಕಂಪನಿಯ ಒಡಿಸ್ಸಿ, ಅಮೆರಿಕದ ಅಂಗಡಿಗಳಿಗೆ ಬಂದದ್ದೂ ಅದೇ ವರ್ಷ. ಅದನ್ನು ಕಲ್ಪಿಸಿದ ರಾಲ್ಫ್ ಬೇರ್ ಜರ್ಮನಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದು, ರಕ್ಷಣಾ ಸಾಮಗ್ರಿ ತಯಾರಿಸುವ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಎಂಜಿನಿಯರ್. ಒಡಿಸ್ಸಿಗೆ ದನಿಯಿರಲಿಲ್ಲ, ಅಂಕ ಎಣಿಸಲು ಬರುತ್ತಿರಲಿಲ್ಲ. ಪರದೆಯ ಮೇಲೆ ಕೆಲವು ಬಿಳಿ ಚೌಕಗಳು ಓಡಾಡುತ್ತಿದ್ದವು, ಅಷ್ಟೆ. ಉಳಿದದ್ದನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಕೊಡುತ್ತಿದ್ದರು: ಪರದೆಗೆ ಅಂಟಿಸಲು ಬಣ್ಣದ ತೆಳು ಹಾಳೆಗಳು, ದಾಳಗಳು, ಇಸ್ಪೀಟಿನಂಥ ಎಲೆಗಳು, ಕಾಗದದ ನೋಟುಗಳು. ಅಂದರೆ ಅರ್ಧ ಪಗಡೆ, ಅರ್ಧ ಟಿವಿ. ಎದುರಾಳಿಯಾಗಿ ನಿಲ್ಲುವ ಬುದ್ಧಿ ಆ ಯಂತ್ರಕ್ಕಿರಲಿಲ್ಲ. ಟೇಬಲ್ ಟೆನಿಸ್ ಆಡಬೇಕಾದರೆ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಕುಳಿತಿರಲೇಬೇಕಿತ್ತು.

ಇದನ್ನು ಓದುವಾಗ ನನ್ನ ಅಮ್ಮನ ಚೆನ್ನೆಮಣೆ ನೆನಪಾಯಿತು. ನಮ್ಮ ಮೂಲ ಬ್ರಹ್ಮಾವರದ ಕಡೆ, ತುಳು ಮುಗಿದು ಕನ್ನಡ ಶುರುವಾಗುವ ಜಾಗ. ಅಮ್ಮ ಮದುವೆಯಾಗಿ ಮುಂಬಯಿಗೆ ಬರುವಾಗ ತಂದ ಹಲಸಿನ ಮರದ ಮಣೆ ಇಂದಿಗೂ ಮನೆಯಲ್ಲಿದೆ: ಈ ಬದಿಗೆ ಏಳು ಗುಳಿ, ಆ ಬದಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ. ಇಬ್ಬರಿಗೂ ಸಮಪಾಲು. ಆದರೂ ಜಗಳ ತಪ್ಪಿದ್ದಲ್ಲ. ಸಿರಿ ಪಾಡ್ದನದ ಅವಳಿಗಳಾದ ಅಬ್ಬಗ ದಾರಗರ ಕಥೆ ಕರಾವಳಿಯವರಿಗೆ ಹೇಳಬೇಕಾದ್ದಿಲ್ಲ. ಚೆನ್ನೆ ಆಡುತ್ತ ಕುಳಿತವರ ನಡುವೆ ಮಾತು ಬೆಳೆದು, ಅಬ್ಬಗ ಅದೇ ಮಣೆಯಿಂದ ತಂಗಿಯ ತಲೆಗೆ ಹೊಡೆದಳು, ಆಮೇಲೆ ತಾನೂ ಬಾವಿಗೆ ಹಾರಿದಳು. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂದು ಅಮ್ಮ ಇವತ್ತಿಗೂ ಹೇಳುವುದು ಇದೇ ಕಾರಣಕ್ಕೆ. ವಿಡಿಯೋ ಗೇಮ್ ಮಕ್ಕಳಲ್ಲಿ ಹಿಂಸೆ ಹುಟ್ಟಿಸುತ್ತದೆಯೇ ಎಂಬ ಚರ್ಚೆ ಎಲ್ಲಿ ಎದ್ದರೂ ನನಗೆ ಮೊದಲು ಈ ಮರದ ಮಣೆಯೇ ಕಣ್ಣಿಗೆ ಕಟ್ಟುತ್ತದೆ.

ನಮ್ಮ ತಲೆಮಾರಿನ ಕಥೆ ಶುರುವಾಗುವುದು 1983ರ ಜುಲೈ 15ರಿಂದ. ಅಂದು ಜಪಾನಿನ ನಿಂಟೆಂಡೊ ಒಂದು ಕೆಂಪು ಬಿಳಿ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟೆಲೆ ತಯಾರಿಸುತ್ತ ಹುಟ್ಟಿದ ಕಂಪನಿ ಅದು. ಪೆಟ್ಟಿಗೆಗೆ ಇಟ್ಟ ಹೆಸರು ‘ಫ್ಯಾಮಿಲಿ ಕಂಪ್ಯೂಟರ್’. ಅದಕ್ಕೆ ತಂತಿಯಿಂದಲೇ ಜೋಡಿಸಿದ್ದ ಎರಡು ಕಂಟ್ರೋಲರುಗಳಿದ್ದವು. ಎರಡೂ ಒಂದೇ ಅಳತೆಯವು. ಆದರೆ ಆಟವನ್ನು ಶುರು ಮಾಡುವ ‘ಸ್ಟಾರ್ಟ್’, ಆಯ್ಕೆ ಮಾಡುವ ‘ಸೆಲೆಕ್ಟ್’ ಎಂಬ ಎರಡು ಗುಂಡಿಗಳು ಮೊದಲನೆಯದರಲ್ಲಿ ಮಾತ್ರ ಇದ್ದವು. ಎರಡನೆಯದರಲ್ಲಿ ಅವುಗಳ ಬದಲಿಗೆ ಒಂದು ಪುಟ್ಟ ಮೈಕು ಇಟ್ಟಿದ್ದರು.

ಆ ಯಂತ್ರದ ಪ್ರತಿಕೃತಿಗಳು ತೈವಾನಿನಲ್ಲಿ, ಚೀನಾದಲ್ಲಿ ಲೆಕ್ಕವಿಲ್ಲದಷ್ಟು ತಯಾರಾದವು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಮನೀಶ್ ಮಾರ್ಕೆಟ್, ಲ್ಯಾಮಿಂಗ್ಟನ್ ರಸ್ತೆ, ಹಾಜಿ ಅಲಿಯ ಹೀರಾ ಪನ್ನಾಗಳಲ್ಲಿ ರಾಶಿ ಬಿದ್ದವು ಅವೇ. ಕನ್ಸೋಲ್ ಎಂಬ ಮಾತನ್ನು ನಾವು ಕೇಳಿರಲಿಲ್ಲ. ಯಂತ್ರಕ್ಕೆ ‘ಟಿವಿ ಗೇಮ್’, ಕಾರ್ಟ್ರಿಜ್ಜಿಗೆ ‘ಕ್ಯಾಸೆಟ್’, ಕಂಟ್ರೋಲರಿಗೆ ‘ರಿಮೋಟ್’. ಕ್ಯಾಸೆಟ್ಟಿನ ಮೇಲೆ 9999999 ಆಟಗಳೆಂದು ಅಚ್ಚಾಗಿರುತ್ತಿತ್ತು, ಒಳಗೆ ಅದೇ ಹತ್ತು ಹನ್ನೆರಡು ಆಟಗಳು ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು. ಎರಡನೆಯ ರಿಮೋಟಿನಲ್ಲಿದ್ದ ಮೈಕನ್ನು ನಕಲು ಮಾಡಿದವರು ಖರ್ಚೆಂದು ತೆಗೆದುಹಾಕಿದ್ದರು. ಸ್ಟಾರ್ಟ್ ಗುಂಡಿಯನ್ನು ಮಾತ್ರ ಕೊಡಲಿಲ್ಲ.

ನಾವಾಗ ಡೊಂಬಿವಲಿಯ ಚಾಳಿನಲ್ಲಿ, ಒಂದು ಕೋಣೆ ಒಂದು ಅಡುಗೆಮನೆಯಲ್ಲಿದ್ದೆವು. ಗಲ್ಫಿನಿಂದ ರಜೆಗೆ ಬಂದ ಸೋದರಮಾವ ಊರಿಗೆ ಹೋಗುವ ಮುನ್ನ ಮನೀಶ್ ಮಾರ್ಕೆಟ್ಟಿನಿಂದ ಒಂದು ಟಿವಿ ಗೇಮ್ ತಂದುಕೊಟ್ಟರು. ಚಿತ್ರದ ಟ್ಯೂಬು ಹಾಳಾಗುತ್ತದೆಂದು ಅಪ್ಪ ಒಂದು ವಾರ ಅದನ್ನು ಕಪಾಟಿನ ಮೇಲಿಟ್ಟರು. ಆಮೇಲೆ ಭಾನುವಾರ ಮಧ್ಯಾಹ್ನ ಒಂದು ಗಂಟೆ ಎಂದು ತೀರ್ಮಾನವಾಯಿತು. ನಾನು ಅಣ್ಣ, ಹಾಗಾಗಿ ಮೊದಲನೆಯ ರಿಮೋಟ್ ನನ್ನದು. ಇದನ್ನು ಯಾರೂ ಚರ್ಚಿಸಲಿಲ್ಲ. ಎರಡು ವರ್ಷ ಚಿಕ್ಕವಳಾದ ತಂಗಿಗೆ ಎರಡನೆಯದು.

ಇಬ್ಬರು ಆಡುವ ಕ್ರಮ ಎಲ್ಲ ಆಟಗಳಲ್ಲಿಯೂ ಒಂದೇ ಅಲ್ಲ. 1985ರ ಸೂಪರ್ ಮಾರಿಯೊದಲ್ಲಿ ಮೊದಲನೆಯವನು ಮಾರಿಯೊ, ಎರಡನೆಯವನು ತಮ್ಮ ಲುಯೀಜಿ. ಮಾರಿಯೊ ಸಾಯದೆ ಲುಯೀಜಿಗೆ ಸರದಿ ಇಲ್ಲ. ನನ್ನ ಕೈ ಪಳಗಿದಂತೆಲ್ಲ ತಂಗಿ ಕಾಯುವ ಹೊತ್ತು ಹೆಚ್ಚುತ್ತ ಹೋಯಿತು. ಅಣ್ಣನ ಸಾವಿಗಾಗಿ ಮೊಣಕಾಲಿಗೆ ಗಲ್ಲ ಊರಿ ಕಾದು ಕುಳಿತ ಅವಳ ಮುಖ ನನಗೆ ಈಗಲೂ ನೆನಪಿದೆ. ಅದೇ ವರ್ಷದ ಬ್ಯಾಟಲ್ ಸಿಟಿ, ನಮ್ಮ ಬಾಯಲ್ಲಿ ‘ಟ್ಯಾಂಕ್’, ಬೇರೆ ಬಗೆಯದು. ಹಳದಿ ಟ್ಯಾಂಕು ನನ್ನದು, ಹಸಿರು ಅವಳದು, ಇಬ್ಬರೂ ಏಕಕಾಲಕ್ಕೆ ಕಣದಲ್ಲಿ. ಕೆಳಗೆ ಇಟ್ಟಿಗೆಯ ಗೋಡೆಯೊಳಗೆ ಒಂದು ಹದ್ದು, ಅದನ್ನು ಕಾಯಬೇಕು. ನನ್ನ ಗುಂಡು ಅವಳಿಗೆ ತಾಗಿದರೆ ಅವಳ ಟ್ಯಾಂಕು ಕೆಲಕಾಲ ನಿಂತಲ್ಲೇ ನಿಲ್ಲುತ್ತದೆ. ನಮ್ಮದೇ ಗುಂಡು ಹದ್ದಿಗೆ ಬಿದ್ದರೂ ಆಟ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಮಾತನಾಡದೆ ಆಡುವಂತೆಯೇ ಇರಲಿಲ್ಲ. ‘ಎಡಕ್ಕೆ ಬಾ’, ‘ನೀ ಕೆಳಗೆ ಕಾಯಿ, ನಾ ಮೇಲೆ ಹೋತೆ’, ‘ನಂಗೆ ಹೊಡಿಬೇಡ’. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ ಆಡುತ್ತಿದ್ದ ನಾವಿಬ್ಬರು ಅವಸರದಲ್ಲಿ, ಯೋಚಿಸಲು ಪುರುಸೊತ್ತಿಲ್ಲದೆ ಆಡುತ್ತಿದ್ದ ಭಾಷೆ ಊರಿನ ಕನ್ನಡವೇ ಆಗಿತ್ತು.

ಅಧಿಕೃತವಾದದ್ದು ಎಂಬ ವಸ್ತು ಆಗ ನಮ್ಮಂಥವರ ಎಟುಕಿಗೆ ಸಿಗುವಂತಿರಲಿಲ್ಲ. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಸೆಗಾದ ಮೆಗಾ ಡ್ರೈವ್ ಯಂತ್ರವನ್ನು ಭಾರತದಲ್ಲಿ ವಿತರಿಸತೊಡಗಿತು. ಆಮದು ಸುಂಕ ಶೇಕಡ 80 ಇದ್ದ ಕಾಲ. ಅದನ್ನು ತಪ್ಪಿಸುವ ಏರ್ಪಾಡು ಮಾಡಿಕೊಂಡ ಮೇಲೂ ಬೆಲೆ 18,000 ರೂಪಾಯಿ. ಅಪ್ಪನ ಎಷ್ಟು ತಿಂಗಳ ಸಂಬಳ ಅದು ಎಂದು ಲೆಕ್ಕ ಹಾಕಿ ನಾನೂ ತಂಗಿಯೂ ನಕ್ಕಿದ್ದುಂಟು. 1991ರಲ್ಲಿ ಬಾಗಿಲು ತೆರೆಯಿತೆಂದು ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಮಕ್ಕಳ ಆಟಿಕೆಯ ಮಟ್ಟಿಗೆ ಆ ಬಾಗಿಲು ಮನೀಶ್ ಮಾರ್ಕೆಟ್ಟಿನ ಹಿಂಬದಿಯಲ್ಲಿತ್ತು.

ಮುಂದಿನ ಅಧ್ಯಾಯ ಸೋನಿಯದು. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಪ್ಲೇಸ್ಟೇಷನ್ ಕ್ಯಾಸೆಟ್ಟಿನ ಬದಲು ಸಿಡಿ ಬಳಸಿತು. ಸಿಡಿಯನ್ನು ನಕಲಿಸುವುದು ಸುಲಭ, ಆದ್ದರಿಂದ ಮುಂಬಯಿಯಲ್ಲಿ ಆಟಗಳು ಅಗ್ಗವಾದವು. ಗಂಟೆಗೆ ಇಷ್ಟೆಂದು ಹಣ ತೆಗೆದುಕೊಂಡು ಆಡಿಸುವ ಪಾರ್ಲರುಗಳು ಸ್ಟೇಷನ್ನಿನ ಅಕ್ಕಪಕ್ಕ ತಲೆಯೆತ್ತಿದವು. ನಾನು ಅಲ್ಲಿಗೆ ಹೋಗತೊಡಗಿದೆ. ತಂಗಿ ಬರಲಿಲ್ಲ, ಹುಡುಗಿಯರು ಹೋಗುವ ಜಾಗವಲ್ಲ ಎಂದು ಮನೆಯಲ್ಲೂ ಹೇಳಿದರು, ಆ ಕತ್ತಲೆ ಕೋಣೆಯೂ ಹೇಳುತ್ತಿತ್ತು. ಇತಿಹಾಸ ಬರೆಯುವವರು ಯಂತ್ರದ ಬಲವನ್ನು ಎಂಟು ಬಿಟ್, ಹದಿನಾರು ಬಿಟ್, ಮೂವತ್ತೆರಡು ಬಿಟ್ ಎಂದು ಏಣಿ ಹತ್ತಿಸುತ್ತಾರೆ. ನಮ್ಮ ಮನೆಯ ಮಟ್ಟಿಗೆ ಮೂವತ್ತೆರಡು ಬಿಟ್ ಬಂದಾಗ ಆಟಗಾರರು ಇಬ್ಬರಿಂದ ಒಬ್ಬರಿಗಿಳಿದರು.

2000ದಲ್ಲಿ ಬಂದ ಪ್ಲೇಸ್ಟೇಷನ್ 2 ಜಗತ್ತಿನಲ್ಲಿ 15.5 ಕೋಟಿಗೂ ಹೆಚ್ಚು ಮಾರಾಟವಾಯಿತು. ಹೊರದೇಶಗಳು ಅದನ್ನು ಮರೆಯತೊಡಗಿದ್ದ ಕಾಲಕ್ಕೆ ಅದು ಇಲ್ಲಿ ಮಧ್ಯಮವರ್ಗದ ಕೈಗೆಟುಕಿತು. 2009ರಲ್ಲಿ ಅದಕ್ಕಾಗಿ ಹೈದರಾಬಾದಿನವರು ಹನುಮಂತನ ಆಟವೊಂದನ್ನು ಮಾಡಿದರು. ಕಬಡ್ಡಿ, ಗಿಲ್ಲಿದಾಂಡುಗಳ ‘ದೇಸಿ ಅಡ್ಡಾ’ ಕೂಡ ಆ ವರ್ಷದ್ದೇ. ಅಂಗಳವಿಲ್ಲದ ಊರಿನ ಮಕ್ಕಳು ಗಿಲ್ಲಿದಾಂಡನ್ನು ಟಿವಿಯಲ್ಲಿ ಆಡಲಿ ಎಂಬ ಸದುದ್ದೇಶ ಇರಬಹುದು. ನನಗೆ ಯಾಕೋ ಸಂಕಟವೇ ಆಯಿತು. ಈ ನಡುವೆ ಎಕ್ಸ್‌ಬಾಕ್ಸ್ 360 ಇಲ್ಲಿಗೆ 2006ರಲ್ಲಿ ಬಂತು, ಪ್ಲೇಸ್ಟೇಷನ್ 3 ಮರುವರ್ಷ 39,990 ರೂಪಾಯಿಗೆ. ಅದು ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಆರನೆಯ ವೇತನ ಆಯೋಗ ಇನ್ನೂ ಜಾರಿಗೆ ಬಂದಿರಲಿಲ್ಲ.

ಅಷ್ಟರಲ್ಲಿ ಎದುರಾಳಿ ಮನೆ ಬಿಟ್ಟು ಹೊರಟುಹೋಗಿದ್ದ. ಇಂಟರ್‌ನೆಟ್ ಮೂಲಕ ಎಲ್ಲಿಯೋ ಇರುವವರೊಡನೆ ಆಡಬಹುದು, ಕಿವಿಗೆ ಹೆಡ್‌ಫೋನ್ ಹಾಕಿ ಮಾತನಾಡಬಹುದು ಎಂದಾದ ಮೇಲೆ ಎರಡನೆಯ ಕಂಟ್ರೋಲರಿಗೆ ಮನೆಯಲ್ಲಿ ಜಾಗವೇ ಇಲ್ಲದಾಯಿತು. 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದ ಪ್ಲೇಸ್ಟೇಷನ್ 5ರ ಬೆಲೆ ಆಗ 49,990 ಇತ್ತು. ಅದರೊಳಗೆ ಕಂಟ್ರೋಲರ್ ಒಂದೇ. ಇನ್ನೊಂದು ಬೇಕೆಂದರೆ ಆಗ 5,990 ರೂಪಾಯಿ, ಅಂದರೆ ನನ್ನ ಬೋನಸ್ಸಿನ ಬಹುಪಾಲು. ಹೊಸ ಆಟವೊಂದಕ್ಕೆ ಐದು ಸಾವಿರದವರೆಗೆ. ಡಿಸ್ಕಿನಲ್ಲಿ ಕೊಂಡರೆ ಆಡಿ ಮುಗಿಸಿ ಮಾರಬಹುದು, ನೆರೆಯವರೊಡನೆ ಬದಲಾಯಿಸಿಕೊಳ್ಳಬಹುದು ಎಂಬುದೊಂದು ಸಮಾಧಾನ. 2020ರ ನವೆಂಬರಿನಲ್ಲಿ 34,990ಕ್ಕೆ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕಿನ ಬಾಯಿಯೇ ಇಲ್ಲ. ತಿಂಗಳ ಚಂದಾ ಕಟ್ಟಿದರೆ ನೂರಾರು ಆಟಗಳು, ಕಟ್ಟುವುದನ್ನು ನಿಲ್ಲಿಸಿದರೆ ಒಂದೂ ಇಲ್ಲ. ಕನ್ಸೋಲುಗಳ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇಕಡ 28ರಿಂದ 18ಕ್ಕೆ ಇಳಿಸಿದ್ದರ ಲಾಭ ಎಲ್ಲಿಗೆ ಹೋಯಿತೆಂದು ನಾನು ಕೇಳುವುದಿಲ್ಲ.

ಬೆಳೆಯುವ ಮಕ್ಕಳ ಮನೆಯಲ್ಲಿ ಇನ್ನೊಂದು ತೊಡಕು ವಯಸ್ಸಿನದು. ಮಗಳಿಗೆ ಹದಿನಾಲ್ಕು, ಮಗನಿಗೆ ಒಂಬತ್ತು. ಸಿನಿಮಾಕ್ಕೆ ಪ್ರಮಾಣಪತ್ರ ಕೊಡುವ ಮಂಡಳಿಯ ಕೈಗೆ ಈ ಆಟಗಳು ಬರುವುದಿಲ್ಲ. ಡಿಸ್ಕಿನ ಮೂಲೆಯಲ್ಲಿ ಕಾಣುವ 7, 12, 16, 18 ಎಂಬ ಅಂಕಿಗಳು 2003ರಲ್ಲಿ ಯುರೋಪಿನಲ್ಲಿ ಶುರುವಾದ ಪದ್ಧತಿಯವು. ನಾಡು ಯಾವುದಾದರೂ ಅಂಕಿ ಉಪಯೋಗಕ್ಕೆ ಬರುತ್ತದೆ; ಅವನ್ನು ಓದದೆ ಆಟ ಕೊಳ್ಳಬೇಡಿ ಎಂದು ಹೆತ್ತವರಿಗೆ ಹೇಳಬಯಸುತ್ತೇನೆ. ಆದರೆ ಅಕ್ಕ ಆಡುವ 12ರ ಆಟವನ್ನು ತಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿರುವಾಗ ಯಾವ ಅಂಕಿಯೂ ಏನು ಮಾಡೀತು?

ಮಗಳ ಮನಸ್ಸು ಪ್ಲೇಸ್ಟೇಷನ್ನಿನ ಮೇಲಿತ್ತು. ತರಗತಿಯ ಗೆಳತಿಯರಿಬ್ಬರ ಮನೆಯಲ್ಲಿ ಅದಿದೆ. ರಾತ್ರಿ ಒಟ್ಟಿಗೆ ಆಡಬಹುದು. ನ್ಯಾಯವಾದ ಆಸೆಯೇ. ಅವಳ ಫೋನಿನ ಆಟದಲ್ಲಿ ನಾನು ಗಮನಿಸಿದ್ದೇನೆ, ಹೆಡ್‌ಫೋನ್ ಏರಿದೊಡನೆ ಭಾಷೆ ಹಿಂದಿಗೂ ಇಂಗ್ಲಿಷಿಗೂ ಹೊರಳುತ್ತದೆ, ತಮ್ಮ ಕರೆದದ್ದು ಕೇಳಿಸುವುದಿಲ್ಲ. ಇದನ್ನು ಅವಳ ತಪ್ಪೆನ್ನಲಾರೆ. ಆ ಕಡೆ ಇರುವವರಿಗೆ ಕನ್ನಡ ಬಾರದು.

ಪುಣೆಯಲ್ಲಿರುವ ತಂಗಿಗೆ ಫೋನು ಮಾಡಿ ಮಕ್ಕಳ ಪಟ್ಟಿಯನ್ನು ಓದಿ ಹೇಳಿದೆ. ಪೂರ್ತಿ ಕೇಳಿ, ‘ಅಣ್ಣ, ಯಾವುದಾದರೂ ತಗೋ ಮಾರಾಯ. ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ ಉಂಟಾ ಅಂತ ಮೊದಲು ನೋಡು’ ಎಂದಳು. ನಕ್ಕೇ ಹೇಳಿದ್ದು. ಮೂವತ್ತು ವರ್ಷ ಅವಳು ಅದನ್ನು ನೆನಪಿಟ್ಟಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

2017ರ ಮಾರ್ಚ್ 3ರಂದು ಬಿಡುಗಡೆಯಾದ ನಿಂಟೆಂಡೊ ಸ್ವಿಚ್ ಮಕ್ಕಳ ಪಟ್ಟಿಯಲ್ಲಿ ಮೂರನೆಯದಾಗಿತ್ತು. ಅದರ ಎರಡು ಬದಿಗಳಲ್ಲಿರುವ ಚಿಕ್ಕ ಕಂಟ್ರೋಲರುಗಳನ್ನು ಕಳಚಿ, ಅಡ್ಡ ಹಿಡಿದರೆ ಇಬ್ಬರ ಕೈಗೂ ಒಂದೊಂದು. ಒಂದರಲ್ಲಿ ಕೂಡುವ ಚಿಹ್ನೆಯ ಗುಂಡಿ, ಇನ್ನೊಂದರಲ್ಲಿ ಕಳೆಯುವ ಚಿಹ್ನೆಯದು. ಹಳೆಯ ಸ್ಟಾರ್ಟಿನ ಕೆಲಸವನ್ನು ಅಡ್ಡ ಹಿಡಿದಾಗ ಎರಡೂ ಮಾಡುತ್ತವೆ. ಅಡಚಣೆಯೆಂದರೆ ಕಂಪನಿ ಅದನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿರಲಿಲ್ಲ. ಆಮದುಗಾರರ ಅಂಗಡಿಯಲ್ಲೇ ಕೊಳ್ಳಬೇಕು, ಕೆಟ್ಟರೆ ಕಂಪನಿಯ ವಾರಂಟಿ ಇಲ್ಲ. ಸರಕಾರಿ ನೌಕರನಾದ ನಾನು ಬಿಲ್ಲಿಲ್ಲದೆ ಸೂಜಿಯನ್ನೂ ಕೊಳ್ಳುವವನಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು, ಜಿಎಸ್‌ಟಿ ಬಿಲ್ಲು ಕೊಡುತ್ತೇನೆಂದ ಐದನೆಯ ಅಂಗಡಿಯಲ್ಲಿ ಕೊಂಡೆ. ಬೋನಸ್ಸಿಗೆ ಭವಿಷ್ಯಕ್ಕೆಂದು ಕೂಡಿಟ್ಟದ್ದನ್ನೂ ಸೇರಿಸಬೇಕಾಯಿತು.

ಮಗಳು ಒಂದು ವಾರ ಸರಿಯಾಗಿ ಮಾತನಾಡಲಿಲ್ಲ. ‘ಇದು ಚಿಕ್ಕ ಮಕ್ಕಳದ್ದು, ಅಪ್ಪ’ ಎಂಬ ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳಿಗೆ ಹದಿನೇಳಾಗುವ ಹೊತ್ತಿಗೆ ಇದು ಸಾಲದೆಂಬುದು ನನಗೂ ಗೊತ್ತು. ತಮ್ಮ ಒಬ್ಬನೇ ಆಡಿ ಆಡಿ ಸೋತು, ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಬೇಡಿಕೊಂಡದ್ದು ಎಂಟನೆಯ ದಿನ. ಕಾರಿನ ಪಂದ್ಯ. ಆ ಸಂಜೆ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು: ‘ಅಕ್ಕ, ನಿಲ್ಲು, ನಾನಿನ್ನೂ ಬರಲಿಲ್ಲ’, ‘ಬಾಳೆಹಣ್ಣಿನ ಸಿಪ್ಪೆ ಹಾಕಬೇಡ, ನಾ ನಿನ್ನ ಪಾರ್ಟಿ!’ ಅಮ್ಮ ಜಪಮಾಲೆ ಬದಿಗಿಟ್ಟು, ಯಾರು ಗೆದ್ದದ್ದು ಎಂದು ಕೇಳಿದರು. ಆಮೇಲೆ ಜಗಳವಾಯಿತು. ನಾನು ಎದ್ದು ಹೋಗಿ ಚೆನ್ನೆಮಣೆಯನ್ನು ಕಪಾಟಿನ ಮೇಲಿನ ತಟ್ಟಿಗೆ ಸರಿಸಿಟ್ಟೆ.

ಮಗಳು ಈಗ ಹತ್ತನೆಯ ತರಗತಿ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಪ್ಲೇಸ್ಟೇಷನ್ ಕೊಡಿಸುವ ಬಗ್ಗೆ ಹೊಸ ಅರ್ಜಿ ಬಂದಿದೆ. ಈ ಬಾರಿಯ ಪಟ್ಟಿಯಲ್ಲಿ ‘ಎರಡನೆಯ ಕಂಟ್ರೋಲರ್, ತಮ್ಮನಿಗೆ’ ಎಂಬ ಸಾಲಿದೆ. ಕಡತ ಪರಿಶೀಲನೆಯಲ್ಲಿದೆ.