ಕಾಲುವೆ ಸತ್ತ ಮೇಲೆ, ರೈಲು ನಿಂತ ಮೇಲೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಿಂದ ಉಕ್ಕಿನ ಊರೆಂದು ಹೆಸರಾದ ಪಿಟ್ಸ್‌ಬರ್ಗ್‌ಗೆ ಸೈಕಲ್ ತುಳಿದುಕೊಂಡು ಹೋಗಬಹುದು. ದೂರ ಸುಮಾರು 540 ಕಿಲೋಮೀಟರ್. ನಡುವೆ ಅಲೆಗೇನಿ ಬೆಟ್ಟಗಳು ಅಡ್ಡಲಾಗಿ ನಿಂತಿವೆ. ಆದರೂ ಬೆನ್ನಿಗೆ ಹಾರ್ನ್ ಹೊಡೆಯುವ ಲಾರಿಯಿಲ್ಲ, ಕಾಲಿನ ಕಸುವು ಹೀರುವ ಕಡಿದಾದ ಏರಿಲ್ಲ. ಅಲ್ಲಲ್ಲಿ ರಸ್ತೆ ದಾಟಬೇಕು, ಊರೊಳಗೆ ಒಂದೆರಡು ಬೀದಿ ಹಿಡಿಯಬೇಕು. ಅಷ್ಟು ಬಿಟ್ಟರೆ ಮೋಟಾರು ವಾಹನದ ಸೋಂಕೇ ಇಲ್ಲದ ದಾರಿ. ಇದರಲ್ಲಿ ಪೂರ್ವದ 297 ಕಿ.ಮೀ. ಪೊಟೋಮ್ಯಾಕ್ ನದಿಯ ದಂಡೆಯ ಚೆಸಪೀಕ್ ಅಂಡ್ ಒಹಾಯೊ ಕಾಲುವೆಯದು. ಪಶ್ಚಿಮದ 240 ಕಿ.ಮೀ. ಗ್ರೇಟ್ ಅಲೆಗೇನಿ ಪ್ಯಾಸೇಜ್. ಎರಡೂ ಕೂಡುವುದು ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಎಂಬ ಊರಿನಲ್ಲಿ.

ಸೈಕಲ್ ಪ್ರವಾಸದ ಬರಹಗಳು ಈ ದಾರಿಯ ಕಾಡು, ಹೊಳೆ, ಸುರಂಗಗಳನ್ನು ಬಾಯ್ತುಂಬ ಹೊಗಳುತ್ತವೆ. ಹೊಗಳಿಕೆಗೆ ಅದು ಅರ್ಹವೇ. ಆದರೆ ಸೈಕಲ್ಲಿಗೆಂದು ಇದನ್ನು ಯಾರೂ ಕಡಿಯಲಿಲ್ಲ. ಸೋತುಹೋದ ಎರಡು ಉದ್ಯಮಗಳು ಬಿಟ್ಟುಹೋದ ನೆಲ ಇದು. ಆ ನೆಲ ತುಂಡು ತುಂಡಾಗಿ ಮಾರಾಟವಾಗದಂತೆ, ಒಂದೇ ಎಳೆಯಾಗಿ ಉಳಿಯುವಂತೆ ನೋಡಿಕೊಂಡವರ ಕೆಲಸವೇ ಈ ಇತಿಹಾಸದ ತಿರುಳು ಎಂದು ನನ್ನ ಎಣಿಕೆ.

1828ರ ಜುಲೈ 4ರಂದು ಎರಡು ಕಡೆ ಎರಡು ಸಮಾರಂಭ ನಡೆದವು. ವಾಷಿಂಗ್ಟನ್ ಬಳಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸನಿಕೆ ಹಿಡಿದು ಕಾಲುವೆಯ ಮೊದಲ ಮಣ್ಣು ಅಗೆದರು. ಅದೇ ದಿನ ಬಾಲ್ಟಿಮೋರ್‌ನಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೊ ರೈಲುಮಾರ್ಗಕ್ಕೆ ಅಡಿಗಲ್ಲು ಬಿತ್ತು. ಇಬ್ಬರ ಗುರಿಯೂ ಬೆಟ್ಟದಾಚೆಯ ಒಹಾಯೊ ನದಿ, ಇಬ್ಬರಿಗೂ ಬೇಕಿದ್ದದ್ದು ಅದೇ ಇಕ್ಕಟ್ಟಾದ ಪೊಟೋಮ್ಯಾಕ್ ಕಣಿವೆ. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ಅಲ್ಲಿಗೆ ಬಂದದ್ದು 1850ರಲ್ಲಿ. ಅಷ್ಟರಲ್ಲಿ ಅದರ ಕಾಲ ಮುಗಿದಂತಾಗಿತ್ತು. ಬೆಟ್ಟ ಹತ್ತುವ ಮಾತನ್ನು ಬಿಟ್ಟು ಕಾಲುವೆ ಅಲ್ಲಿಯೇ ನಿಂತಿತು.

ಅದನ್ನು ತೋಡಿದವರ ಪಾಡು ಇಂದಿನ ಹಸಿರು ನೆರಳಿನಲ್ಲಿ ಕಾಣುವುದಿಲ್ಲ. ಐರಿಷ್ ಮತ್ತು ಜರ್ಮನ್ ವಲಸಿಗ ಕೂಲಿಗಳು 1832ರ ಕಾಲರಾಕ್ಕೆ ಬಲಿಯಾದರು. 1834ರಲ್ಲಿ ಕೆಲಸಗಾರರ ನಡುವೆ ಹೊಡೆದಾಟ ಎದ್ದಾಗ ಅಧ್ಯಕ್ಷ ಆ್ಯಂಡ್ರ್ಯೂ ಜಾಕ್ಸನ್ ಸೇನೆಯನ್ನೇ ಕಳಿಸಿದರು. ನದಿಯ ಕೆಲವು ಸುತ್ತುಗಳನ್ನು ತಪ್ಪಿಸಲೆಂದು ಬೆಟ್ಟ ಕೊರೆದ ಪಾಪಾ ಸುರಂಗದ ಉದ್ದ 950 ಮೀಟರ್. 1836ರಲ್ಲಿ ಶುರುವಾದ ಕೆಲಸಕ್ಕೆ ಎರಡು ವರ್ಷ ಸಾಕೆಂದು ಲೆಕ್ಕ ಹಾಕಿದ್ದರು, ಹದಿನಾಲ್ಕು ಹಿಡಿಯಿತು. ಈಗ ಸೈಕಲ್ ಸವಾರರು ದೀಪ ಹಚ್ಚಿಕೊಂಡು ಸಾಗುವುದು ಆ ಸುರಂಗದೊಳಗಿನ ಕಿರಿದಾದ ಜಗುಲಿಯ ಮೇಲೆಯೇ. ಹಿಂದೆ ಹೇಸರಗತ್ತೆಗಳು ದೋಣಿ ಎಳೆಯುತ್ತ ನಡೆದದ್ದೂ ಅಲ್ಲೇ.

ಹೇಸರಗತ್ತೆಯ ಹೆಜ್ಜೆಗೆಂದು ಹದ ಮಾಡಿದ ದಾರಿ ಸೈಕಲ್ಲಿಗೆ ಒಗ್ಗಿದ್ದು ಆಕಸ್ಮಿಕವೇನಲ್ಲ. ಕಾಲುವೆಯ ನೀರು ಸಮತಟ್ಟಾಗಿ ನಿಲ್ಲಬೇಕು, ಆದ್ದರಿಂದ ಅದರ ದಂಡೆಯೂ ಸಮತಟ್ಟು. ಸಮುದ್ರಮಟ್ಟದಿಂದ ಕಂಬರ್‌ಲ್ಯಾಂಡ್‌ವರೆಗಿನ ಸುಮಾರು 184 ಮೀಟರ್ ಏರನ್ನು 74 ಲಾಕ್‌ಗಳಿಗೆ, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆಗಳಿಗೆ, ಹಂಚಿದ್ದಾರೆ. ಒಂದೊಂದು ಲಾಕ್ ಬಳಿಯೂ ಎರಡೂವರೆ ಮೀಟರಿನಷ್ಟು ಮೇಲಕ್ಕೆ ಚಿಕ್ಕದೊಂದು ಏರು, ಮತ್ತೆ ಮೈಲಿಗಟ್ಟಲೆ ಸಪಾಟು.

ಪ್ರವಾಹಗಳು ಕಾಲುವೆಯನ್ನು ಮತ್ತೆ ಮತ್ತೆ ಕೊಚ್ಚಿದವು. 1889ರದು ಅದನ್ನು ದಿವಾಳಿ ಮಾಡಿತು. 1924ರದು ಮುಗಿಸಿಯೇ ಬಿಟ್ಟಿತು. ಆಗ ಅದು ಹಳೆಯ ಎದುರಾಳಿ ರೈಲು ಕಂಪನಿಯ ಹಿಡಿತದಲ್ಲಿತ್ತು. 1938ರಲ್ಲಿ ಒಕ್ಕೂಟ ಸರ್ಕಾರ 20 ಲಕ್ಷ ಡಾಲರ್ ಕೊಟ್ಟು ಪೂರ್ತಿ ಕೊಂಡಿತು. ವಾಷಿಂಗ್ಟನ್ ಕಡೆಯ ಕೆಳಭಾಗವನ್ನು ದುರಸ್ತಿ ಮಾಡಿದವರು ಎರಡು ಶಿಬಿರಗಳ ಕಪ್ಪು ಯುವಕರು. ಆರ್ಥಿಕ ಕುಸಿತದ ಕಾಲದ ಉದ್ಯೋಗ ಯೋಜನೆಯಡಿ ಬಂದಿದ್ದವರು. ಅವರ ಹೆಸರು ಈ ದಾರಿಯ ಕಥೆ ಹೇಳುವವರ ಬಾಯಲ್ಲಿ ಇನ್ನೂ ಹೆಚ್ಚು ಬರಬೇಕು.

ಸರ್ಕಾರದ ಕೈಗೆ ಬಂದ ಮಾತ್ರಕ್ಕೆ ಕಾಲುವೆ ಉಳಿದುಬಿಡಲಿಲ್ಲ. ಅದರ ಮೇಲೆ ಕಾರುಗಳಿಗಾಗಿ ಪಾರ್ಕ್‌ವೇ ಹಾಕುವ ಯೋಜನೆ ಸಿದ್ಧವಾಗಿತ್ತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದನ್ನು ಸಂಪಾದಕೀಯದಲ್ಲಿ ಬೆಂಬಲಿಸಿತು. ಅದನ್ನು ಓದಿದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕೆಗೇ ಪತ್ರ ಬರೆದರು. ಸಂಪಾದಕೀಯ ಬರೆದವರು ತಮ್ಮೊಡನೆ ಇಡೀ ಕಾಲುವೆ ನಡೆದು ನೋಡಲಿ, ಆಮೇಲೆ ಮಾತಾಡಲಿ ಎಂಬುದು ಅವರ ಸವಾಲು. ಸಂಪಾದಕರು ಒಪ್ಪಿದರು. ಮಾರ್ಚ್ 20ರಂದು ಕಂಬರ್‌ಲ್ಯಾಂಡ್‌ನಿಂದ ಹೊರಟ ತಂಡ ಎಂಟು ದಿನ ನಡೆಯಿತು. ಜೊತೆಗೂಡಿದವರು, ಬಿಟ್ಟುಹೋದವರು ಹಲವರು. ಪೂರ್ತಿ 297 ಕಿ.ಮೀ. ನಡೆದವರು ಒಂಬತ್ತೇ ಜನ, ಅವರಲ್ಲಿ 55 ವರ್ಷದ ಡಗ್ಲಸ್ ಒಬ್ಬರು. ಪತ್ರಿಕೆ ತನ್ನ ನಿಲುವನ್ನು ಬಹುಪಾಲು ಬದಲಿಸಿತು. 1961ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಒಬ್ಬ ನ್ಯಾಯಾಧೀಶ ನಡೆದು ಉಳಿಸಿದ ದಾರಿ ಎಂದು ಕಥೆ ಹೇಳುವುದು ವಾಡಿಕೆ. ಆದರೆ 1954ರಿಂದ 1971ರವರೆಗಿನ ಹದಿನೇಳು ವರ್ಷ ಬೆನ್ನು ಬಿಡದೆ ಒತ್ತಾಯಿಸಿದ ಕಾಲುವೆ ಪರ ಸಂಘದವರ ಪಾಲು ಅಷ್ಟೇ ದೊಡ್ಡದು. ನಡಿಗೆ ಎಂಟು ದಿನದ್ದು, ಕಾಯುವಿಕೆ ಅರ್ಧ ತಲೆಮಾರಿನದು.

ಕಂಬರ್‌ಲ್ಯಾಂಡ್ ಆಚೆಗಿನ ಕಥೆ ಬೇರೆ. ಬಾಲ್ಟಿಮೋರ್ ಅಂಡ್ ಒಹಾಯೊ ಮಾರ್ಗ ಅದಾಗಲೇ ಬೆಟ್ಟ ದಾಟಿ ಓಡುತ್ತಿದ್ದರೂ, ವೆಸ್ಟರ್ನ್ ಮೇರಿಲ್ಯಾಂಡ್ ಎಂಬ ಇನ್ನೊಂದು ಕಂಪನಿ 1910ರಿಂದ 1912ರೊಳಗೆ ಪೆನ್ಸಿಲ್ವೇನಿಯಾ ರಾಜ್ಯದ ಕಾನೆಲ್ಸ್‌ವಿಲ್‌ವರೆಗೆ ತನ್ನದೇ ಹಳಿ ಹಾಕಿತು. ತಡವಾಗಿ ಬಂದ ಕಂಪನಿಯಾದ್ದರಿಂದ ಎದುರಾಳಿಗಿಂತ ಚೆನ್ನಾಗಿ ಕಟ್ಟಬೇಕೆಂಬ ಹಟ ಅದಕ್ಕಿತ್ತು. ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗ, ಮೈಯರ್ಸ್‌ಡೇಲ್ ಬಳಿ ಕ್ಯಾಸಲ್‌ಮನ್ ಕಣಿವೆಯ ಮೇಲೆ 581 ಮೀಟರ್ ಚಾಚಿದ ಸಾಲ್ಸ್‌ಬರಿ ಸೇತುವೆ ಆ ಹಟದ ಫಲ. 1973ರಲ್ಲಿ ಎರಡೂ ಕಂಪನಿಗಳು ಚೆಸ್ಸಿ ಸಿಸ್ಟಮ್ ಎಂಬ ಒಂದೇ ಗುಂಪಿಗೆ ಸೇರಿದವು. ಒಂದೇ ಕಣಿವೆಗೆ ಎರಡು ಹಳಿ ಯಾಕೆ? 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್‌ನ ಆ ಭಾಗ ಮುಚ್ಚಿತು. ನದಿಯ ಆಚೆ ದಡದ ಹಳೆಯ ಹಳಿಯ ಮೇಲೆ ಗೂಡ್ಸ್ ಗಾಡಿಗಳು ಇಂದಿಗೂ ಓಡುತ್ತವೆ. ಈಚೆ ದಡದಲ್ಲಿ ಡೇರೆ ಹಾಕಿ ಮಲಗಿದವರಿಗೆ ರಾತ್ರಿಯಿಡೀ ಅವುಗಳ ಸದ್ದು.

ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ, ಆ ದೌರ್ಬಲ್ಯವೇ ಇಂದು ಸೈಕಲ್ಲಿಗೆ ವರ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿ ಐವತ್ತು ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ಕಂಬರ್‌ಲ್ಯಾಂಡ್‌ನಿಂದ ಮೇಲೇರುವ ಈ ಹಾಸು ಅದಕ್ಕಿಂತಲೂ ತುಸು ಸೌಮ್ಯ. 38 ಕಿ.ಮೀ. ತುಳಿದರೆ 729 ಮೀಟರ್ ಎತ್ತರದ ಜಲವಿಭಾಜಕ ಸಿಗುತ್ತದೆ. ಅಲ್ಲಿ ಪೂರ್ವಕ್ಕೆ ಬಿದ್ದ ಮಳೆ ಚೆಸಪೀಕ್ ಕೊಲ್ಲಿಗೆ ಹೋಗುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಒಹಾಯೊ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೊ ಕೊಲ್ಲಿ ಸೇರುತ್ತದೆ. ಆಮೇಲೆ ಪಿಟ್ಸ್‌ಬರ್ಗ್‌ವರೆಗಿನ ಇನ್ನೂರು ಕಿ.ಮೀ. ಕ್ಯಾಸಲ್‌ಮನ್, ಯಾಕಗೇನಿ, ಮೊನಾಂಗಹೇಲ ನದಿಗಳ ಜೊತೆಗೆ ಇಳಿಯುತ್ತ ಹೋಗುವ ದಾರಿ.

ಆದರೆ ರೈಲು ನಿಂತ ನೆಲ ತಾನಾಗಿ ದಾರಿಯಾಗುವುದಿಲ್ಲ. ಅಮೆರಿಕದ ರೈಲು ಜಾಲ 1916ರಲ್ಲಿ ಸುಮಾರು 4 ಲಕ್ಷ ಕಿ.ಮೀ. ಇದ್ದದ್ದು ಅಲ್ಲಿಂದೀಚೆಗೆ ಕುಗ್ಗುತ್ತ ಬಂತು. ಹಲವೆಡೆ ಕಂಪನಿಗೆ ನೆಲದ ಒಡೆತನ ಇರಲಿಲ್ಲ, ಹಾದುಹೋಗುವ ಹಕ್ಕಷ್ಟೇ ಇತ್ತು. ಹಳಿ ಕಿತ್ತ ದಿನ ಆ ಹಕ್ಕು ಅಕ್ಕಪಕ್ಕದ ಹೊಲದವರಿಗೆ ಮರಳುತ್ತಿತ್ತು. ಹೀಗೆ ಒಮ್ಮೆ ಹರಿದುಹೋದ ಎಳೆಯನ್ನು ಮತ್ತೆ ಹೊಸೆಯುವುದು ಹೆಚ್ಚುಕಡಿಮೆ ಅಸಾಧ್ಯ. ವಿಸ್ಕಾನ್ಸಿನ್ ರಾಜ್ಯ ಎಲ್ರಾಯ್–ಸ್ಪಾರ್ಟಾ ನಡುವಿನ ಹಳಿಹಾಸನ್ನು ಕೊಂಡು 1967ರಲ್ಲಿ ಸೈಕಲ್ಲಿಗೆ ತೆರೆದದ್ದು ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲೊಂದು. 1963ರಲ್ಲೇ ಇಲಿನಾಯ್‌ನ ಸಸ್ಯಶಾಸ್ತ್ರಜ್ಞೆ ಮೇ ತೀಲ್ಗಾರ್ಡ್ ವಾಟ್ಸ್ ಷಿಕಾಗೊ ಟ್ರಿಬ್ಯೂನ್‌ಗೆ ಬರೆದ ಪತ್ರದಿಂದ ಇಲಿನಾಯ್ ಪ್ರೇರಿ ಪಾತ್ ಎಂಬ ಇನ್ನೊಂದು ಹಳಿದಾರಿ ಹುಟ್ಟಿತ್ತು. ನಿಜವಾದ ತಿರುವು 1983ರ ಕಾನೂನು ತಿದ್ದುಪಡಿಯದು. ಮುಂದೆಂದಾದರೂ ರೈಲು ಬೇಕಾದೀತೆಂದು ಮಾರ್ಗವನ್ನು ಕಾಯ್ದಿರಿಸಿ, ಅಲ್ಲಿಯವರೆಗೆ ನಡಿಗೆಗೆ, ಸೈಕಲ್ಲಿಗೆ ಬಳಸಬಹುದೆಂದು ಅದು ಹೇಳಿತು. ಕಾನೂನಿನ ಕಣ್ಣಲ್ಲಿ ಮಾರ್ಗವನ್ನು ಕೈಬಿಟ್ಟಂತೆ ಆಗಲೇ ಇಲ್ಲ, ಆದ್ದರಿಂದ ಎಳೆ ಹರಿಯಲಿಲ್ಲ. ವರ್ಮಾಂಟ್‌ನ ಭೂಮಾಲೀಕರು ಇದನ್ನು ಪ್ರಶ್ನಿಸಿದಾಗ 1990ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಪರಿಹಾರ ಕೇಳುವ ಹಕ್ಕು ಮಾಲೀಕರಿಗೆ ಉಳಿಯಿತು, ಮುಂದೆ ನ್ಯಾಯಾಲಯ ಪರಿಹಾರ ಕೊಡಿಸಿತು ಕೂಡ. ಅದು ಸರಿಯೇ. ಸಾರ್ವಜನಿಕರ ಸುಖಕ್ಕೆ ರೈತನೊಬ್ಬ ತನ್ನ ನೆಲವನ್ನು ಪುಕ್ಕಟೆ ಕೊಡಬೇಕೆಂದರೆ ಅಂಥ ದಾರಿಯ ಮೇಲೆ ನೆಮ್ಮದಿಯಿಂದ ತುಳಿಯಲಾಗದು.

ಹಣದ ಬಾಗಿಲು ತೆರೆದದ್ದು 1991ರ ಸಾರಿಗೆ ಕಾಯ್ದೆ. ಹೆದ್ದಾರಿಗೆ ಹೋಗುತ್ತಿದ್ದ ಒಕ್ಕೂಟದ ಹಣದಲ್ಲಿ ಒಂದು ಪಾಲು ಸೈಕಲ್ ದಾರಿಗಳಿಗೂ ಸಿಗತೊಡಗಿತು. ಅಷ್ಟರಲ್ಲಿ ಅಲೆಗೇನಿಯಲ್ಲಿ ಕೆಲಸ ಮೊದಲಾಗಿತ್ತು. ವೆಸ್ಟರ್ನ್ ಪೆನ್ಸಿಲ್ವೇನಿಯಾ ಕನ್ಸರ್ವೆನ್ಸಿ ಹಳಿಹಾಸನ್ನು ಕೊಂಡು ಉಳಿಸಿತ್ತು. 1986ರಲ್ಲಿ ಒಹಾಯೊಪೈಲ್ ಬಳಿ ಮೊದಲ ತುಣುಕು ತೆರೆಯಿತು. 1995ರಲ್ಲಿ ಏಳು ಸ್ಥಳೀಯ ಸಂಘಗಳು ಅಲೆಗೇನಿ ಟ್ರೇಲ್ ಅಲಯನ್ಸ್ ಎಂದು ಒಂದಾದವು. ಸಾಲ್ಸ್‌ಬರಿ ಸೇತುವೆ 1998ರಲ್ಲಿ ತೆರೆಯಿತು. ಬಿಗ್ ಸ್ಯಾವೇಜ್ ಎಲ್ಲಕ್ಕಿಂತ ಕಷ್ಟ ಕೊಟ್ಟಿತು. ಒಳಗೋಡೆ ಕುಸಿದಿದ್ದ ಸುರಂಗಕ್ಕೆ ಕೋಟಿಗೂ ಮಿಕ್ಕಿ ಡಾಲರ್ ಸುರಿಯಬೇಕಾಯಿತು. ಒಸರುವ ನೀರು ಹೆಪ್ಪುಗಟ್ಟಿ ಗೋಡೆ ಸೀಳದಿರಲೆಂದು ಈಗಲೂ ಪ್ರತಿ ಚಳಿಗಾಲ ಅದರ ಬಾಗಿಲು ಹಾಕುತ್ತಾರೆ. ಡಿಸೆಂಬರ್ ನಡುವಿನಿಂದ ಏಪ್ರಿಲ್ ಆರಂಭದವರೆಗೆ ಪೂರ್ತಿ ದಾರಿ ತುಳಿಯುವ ಆಸೆ ಬೇಡ.

ಕೊನೆಯ ತುಣುಕುಗಳು ಬೆಟ್ಟದಲ್ಲಲ್ಲ, ಪಿಟ್ಸ್‌ಬರ್ಗ್ ಅಂಚಿನ ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡಿದ್ದವು. 1892ರ ಹೋಮ್‌ಸ್ಟೆಡ್ ಮುಷ್ಕರದಲ್ಲಿ ಕಾರ್ಮಿಕರೂ ಕಂಪನಿಯ ಬಂದೂಕುಧಾರಿಗಳೂ ಕಾದಾಡಿದ ನದೀತೀರದ ಪಂಪ್ ಹೌಸ್ ಪಕ್ಕದಲ್ಲೇ ಈಗ ದಾರಿ ಹಾಯುತ್ತದೆ. ಓಡುವ ಹಳಿ ಮತ್ತು ನದಿಯ ನಡುವೆ ಕೆಲವೇ ಅಡಿ ಜಾಗಕ್ಕೆ ವರ್ಷಗಟ್ಟಲೆ ಮಾತುಕತೆ ನಡೆದು, 2013ರ ಜೂನ್‌ನಲ್ಲಿ ದಾರಿ ಮೂರು ನದಿ ಕೂಡುವ ಪಾಯಿಂಟ್ ಉದ್ಯಾನ ಮುಟ್ಟಿತು. ಮೊದಲ ತುಣುಕು ತೆರೆದು ಆಗ 27 ವರ್ಷ.

ವಾಷಿಂಗ್ಟನ್ ಸುತ್ತಲಿನ ಕನ್ನಡಿಗರಲ್ಲಿ ಹಲವರು ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹೋಗಿಬರುತ್ತಾರೆ. ಬ್ರೀಜ್‌ವುಡ್ ಬಳಿ ಅವರು ಹಿಡಿಯುವ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಕೂಡ 1880ರ ದಶಕದಲ್ಲಿ ಅರ್ಧಕ್ಕೇ ನಿಂತ ರೈಲುಮಾರ್ಗವೊಂದರ ಜಾಡನ್ನು ಬಹುಮಟ್ಟಿಗೆ ಅನುಸರಿಸಿ 1940ರಲ್ಲಿ ತೆರೆದದ್ದು. ಅದರಲ್ಲೂ ಬ್ರೀಜ್‌ವುಡ್‌ನ ಪೂರ್ವಕ್ಕೆ 21 ಕಿ.ಮೀ. ಭಾಗವನ್ನು 1968ರಲ್ಲಿ ಕೈಬಿಟ್ಟರು. ಎರಡು ಸುರಂಗಗಳಿರುವ ಆ ಪಾಳು ಹೆದ್ದಾರಿಯಲ್ಲೂ ಈಗ ಸೈಕಲ್ ಓಡುತ್ತದೆ.

ಅಲೆಗೇನಿ ದಾರಿ ಪೂರ್ತಿಯಾದ ಮೇಲೆ ಬದುಕು ಬದಲಾದದ್ದು ಕಲ್ಲಿದ್ದಲು, ಉಕ್ಕು ಕೈಕೊಟ್ಟ ಸಣ್ಣ ಊರುಗಳಲ್ಲಿ. ಕಾನ್‌ಫ್ಲುಯೆನ್ಸ್, ರಾಕ್‌ವುಡ್, ಮೈಯರ್ಸ್‌ಡೇಲ್‌ಗಳಲ್ಲಿ ಸೈಕಲ್ ಅಂಗಡಿ, ತಂಗುಮನೆ, ಊಟದ ಮನೆಗಳು ಎದ್ದವು. ಕಾರಿನವನು ಒಂದೇ ಓಟಕ್ಕೆ ದಾಟಿಹೋಗುವ ದೂರದಲ್ಲಿ ಸೈಕಲ್ಲಿನವನು ಮೂರು ಸಲ ಉಂಡು, ಒಂದು ರಾತ್ರಿ ಮಲಗುತ್ತಾನೆ. ಕಾಲುವೆ ಕಡೆಯ ಮಣ್ಣಿನ ದಾರಿ ಮಳೆಗೆ ಕೆಸರಾಗುತ್ತದೆಂಬ ದೂರು ಹಳೆಯದು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯೂ ಜಲ್ಲಿಪುಡಿ ಹಾಸುವ ಕೆಲಸ ನಡೆದಿದೆ. ಬರುವಾಗ ಅಥವಾ ಹೋಗುವಾಗ ಅದೇ ಕಣಿವೆಯ ಆಮ್‌ಟ್ರಾಕ್ ರೈಲಿಗೆ ಸೈಕಲ್ ಏರಿಸಬಹುದು.

ಅಮೆರಿಕದಲ್ಲಿ ಈಗ ಇಂಥ ಹಳಿದಾರಿಗಳು ಒಟ್ಟು 35,000 ಕಿ.ಮೀ. ಮೀರಿವೆ. 1986ರಲ್ಲಿ ಹುಟ್ಟಿದ ರೈಲ್ಸ್-ಟು-ಟ್ರೇಲ್ಸ್ ಕನ್ಸರ್ವೆನ್ಸಿ 2019ರಲ್ಲಿ ಇನ್ನೂ ದೊಡ್ಡ ಯೋಜನೆ ಮುಂದಿಟ್ಟಿತು. ರಾಜಧಾನಿಯಿಂದ ಪೆಸಿಫಿಕ್ ತೀರದ ವಾಷಿಂಗ್ಟನ್ ರಾಜ್ಯದವರೆಗೆ ಸುಮಾರು 6,000 ಕಿ.ಮೀ. ಒಂದೇ ದಾರಿ. ಅದರ ಪೂರ್ವದ ತುದಿ ಇದೇ ಕಾಲುವೆ, ಇದೇ ಅಲೆಗೇನಿ ಪ್ಯಾಸೇಜ್. ಅರ್ಧಕ್ಕಿಂತ ಹೆಚ್ಚು ಈಗಾಗಲೇ ಸಿದ್ಧವಿದೆ. ದೊಡ್ಡ ಖಾಲಿ ಜಾಗಗಳಿರುವುದು ಪಶ್ಚಿಮದ ವಯೋಮಿಂಗ್, ಮೊಂಟಾನಾಗಳಲ್ಲಿ. ಅದೇ ವಯೋಮಿಂಗ್‌ನಲ್ಲಿ, 1875ರ ಕಾಯ್ದೆಯಡಿ ರೈಲಿಗೆ ಕೊಟ್ಟಿದ್ದ ನೆಲದ ಮೇಲೆ ಹಳಿ ಹೋದ ಬಳಿಕ ಸರ್ಕಾರಕ್ಕೆ ಹಕ್ಕಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾಯ್ದಿರಿಸದೆ ಕೈಬಿಟ್ಟ ಅಂಥ ಮಾರ್ಗಗಳನ್ನು ಇನ್ನು ಒಬ್ಬೊಬ್ಬ ಭೂಮಾಲೀಕನ ಮನೆಬಾಗಿಲಿಗೆ ಹೋಗಿ, ಮಾತಾಡಿ, ಬೆಲೆ ಕೊಟ್ಟೇ ಕೂಡಿಸಬೇಕು.